ಹಗೇವಿನೊಳಗಿನ ಸನಾದಿ

ಗಜೇಂದ್ರಗಡದ ನಮ್ಮ ಮನೆಯಲ್ಲಿ ಯಾರೂ ತಮಗೆ ಬೇಕೆಂದಾಗ ಏಳುತ್ತಿರಲಿಲ್ಲ, ಬೇಕೆಂದಾಗ ಉಣ್ಣುತ್ತಿರಲಿಲ್ಲ. ಎಲ್ಲಕ್ಕೂ ಮೊದಲು ನಗಾರಿ ಬಡಿಯಬೇಕಿತ್ತು. ಮನೆ ಊರ ಅಗಸೆಬಾಗಿಲಿಗೆ ಅಂಟಿಕೊಂಡಿತ್ತು. ಅಗಸೆಯ ಮಾಳಿಗೆಯ ಮೇಲೆ ನಗಾರಖಾನೆ. ಅಲ್ಲಿ ಬೆಳಕು ಹರಿಯುವಾಗ, ನಡುಮಧ್ಯಾಹ್ನ, ದೀಪ ಹಚ್ಚುವಾಗ ನೌಬತ್ತು ನಡೆಯುತ್ತಿತ್ತು. ಒಬ್ಬ ಸನಾದಿ ಊದುವವನು, ಒಬ್ಬ ನಗಾರಿ ಬಡಿಯುವವನು. ಊರಿನ ಉಳಿದವರಿಗೆ ಅದು ಹೊತ್ತು ತಿಳಿಸುವ ಸದ್ದು. ನಮಗೆ ತಲೆಯ ಮೇಲೆ ಬೀಳುವ ಸದ್ದು. ಬೆಳಗಿನ ಮೊದಲ ಪೆಟ್ಟಿಗೆ ಪಡಸಾಲೆಯ ತೊಲೆಗಳಿಂದ ಮಣ್ಣು ಉದುರುತ್ತಿತ್ತು, ಗೋದಲಿಯಲ್ಲಿ ಎತ್ತುಗಳು ಕೊರಳು ಅಲ್ಲಾಡಿಸುತ್ತಿದ್ದವು, ಅಜ್ಜ ಎದ್ದು ಕೂತು ಒಮ್ಮೆ ಕೆಮ್ಮುತ್ತಿದ್ದ. ಆ ಕೆಮ್ಮಿನ ನಂತರ ಹಾಸಿಗೆಯಲ್ಲಿ ಇರುವ ಅಪ್ಪಣೆ ಯಾರಿಗೂ ಇರಲಿಲ್ಲ.

ಅಜ್ಜನ ಶಿಸ್ತು ಹೀಗಿತ್ತು. ಎದ್ದವರು ಮೊದಲು ಹಾಸಿಗೆ ಮಡಿಚಬೇಕು, ಆಮೇಲೆ ಬಾಯಿ ತೆರೆಯಬೇಕು. ಭಾವಿಯ ತಣ್ಣೀರಿನ ಸ್ನಾನ. ಅಜ್ಜನ ಲಿಂಗಪೂಜೆ ಮುಗಿಯುವವರೆಗೆ ಮನೆಯಲ್ಲಿ ಪಾತ್ರೆ ಪಾತ್ರೆಗೆ ತಾಗಬಾರದು. ಪೂಜೆಯಾದ ಮೇಲೆ ಅವನು ಹಲಗೆಯ ಮೇಲೆ ಉಸುಕು ಹರವಿ ನನ್ನಿಂದ ಅಕ್ಷರ ತಿದ್ದಿಸುತ್ತಿದ್ದ. ಅವನ ಹೆಂಡತಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಹೆಣ್ಣುಹುಡುಗಿ ಬರೆದು ಏನು ಮಾಡಬೇಕಾಗಿದೆ ಎಂದು ಆಯಿ ಕೇಳಿದರೆ, ಖಾಲಿ ಕೂತು ಏನು ಮಾಡಬೇಕಾಗಿದೆ ಎಂದು ಅಜ್ಜ ಕೇಳುತ್ತಿದ್ದ. ಅಲ್ಲಿಗೆ ಆ ಜಗಳ ಮುಗಿಯುತ್ತಿತ್ತು, ಮರುದಿನ ಮತ್ತೆ ಅಲ್ಲಿಂದಲೇ ಶುರುವಾಗುತ್ತಿತ್ತು. ನಾನು ಇಂದಿಗೂ ಹಾಸಿಗೆ ಮಡಿಚದೆ ಯಾರೊಡನೆಯೂ ಮಾತಾಡುವುದಿಲ್ಲ. ಸೊಸೆಯಂದಿರು ನಗುತ್ತಾರೆ, ನಗಲಿ.

ಆದರೆ ನಗಾರಖಾನೆಯವರ ಮೇಲೆ ನನಗಿದ್ದ ಸಿಟ್ಟು ತಣ್ಣೀರಿನಿಂದ ಬಂದದ್ದಲ್ಲ, ಹಸಿವಿನಿಂದ ಬಂದದ್ದು. ನಮ್ಮ ಹಿರಿಯರಿಗೆ ವಾಡೆಯ ದೊರೆಗಳು ಎರೆಹೊಲವೊಂದನ್ನು ಕೊಟ್ಟಿದ್ದರು. ಊರಲ್ಲಿ ಅದಕ್ಕೆ ನೌಬತ್ತಿನ ಹೊಲ ಎಂದೇ ಹೆಸರು. ಕೊಡುವಾಗ ಕಟ್ಟಿದ ಷರತ್ತು ಒಂದೇ: ಮೇಲೆ ನುಡಿಸುವವರಿಗೆ ಮಧ್ಯಾಹ್ನದ ಊಟ ಈ ಮನೆಯಿಂದ ಹೋಗಬೇಕು, ಅವರು ಉಂಡ ಮೇಲೆ ಮನೆಯವರು ಉಣ್ಣಬೇಕು. ಷರತ್ತು ಕಟ್ಟಿದವರು ಸತ್ತು ಎಷ್ಟೋ ಕಾಲವಾಗಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೆ ಅಜ್ಜ ಇದ್ದ. ನಗಾರಿ ಬಡಿಯಬೇಕು, ಇಬ್ಬರೂ ಮೆಟ್ಟಿಲಿಳಿದು ಬರಬೇಕು, ಹೊರಗಿನ ಜಗಲಿಯ ಮೇಲೆ ಕೂತು ಉಣ್ಣಬೇಕು, ಕೈ ತೊಳೆಯಬೇಕು. ಆಮೇಲೆ ಅಜ್ಜನ ಊಟದ ಗಂಗಾಳ, ಆಮೇಲೆ ಗಂಡಸರದು, ಮಕ್ಕಳದು, ಕೊನೆಗೆ ಹೆಂಗಸರದು. ಒಲೆಯ ಮುಂದೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಬದನೆಕಾಯಿಯ ಎಣ್ಣೆಗಾಯಿಯ ವಾಸನೆ ಮನೆಯೆಲ್ಲ ಹರಡುತ್ತಿತ್ತು, ನಾನು ಕಂಬಕ್ಕೆ ಒರಗಿ ಮೇಲಿನ ಸದ್ದು ಯಾವಾಗ ನಿಂತೀತು ಎಂದು ಕಾಯುತ್ತಿದ್ದೆ.

ಅದು ಬೇಗ ನಿಲ್ಲುತ್ತಿರಲಿಲ್ಲ. ಸನಾದಿ ಊದುವ ಯಮನಪ್ಪ ನಿಧಾನದ ಮನುಷ್ಯ. ಕಪ್ಪಗೆ, ಸಣ್ಣಗೆ, ಗಲ್ಲ ಮಾತ್ರ ಎರಡು ಚೀಲದಂತೆ ಜೋತು ಬಿದ್ದವನು. ಸನಾದಿಯ ತುದಿಗೆ ಸಿಕ್ಕಿಸುವ ಗರಿಯ ನಾಲಿಗೆಯನ್ನು ಬಾಯಲ್ಲಿಟ್ಟು ನೆನೆಸಿ, ತೆಗೆದು ನೋಡಿ, ಮತ್ತೆ ಬಾಯಲ್ಲಿಟ್ಟು, ಆಮೇಲೆ ಶುರು ಮಾಡುತ್ತಿದ್ದ. ಮುಗಿಯಿತು ಎಂದುಕೊಂಡಾಗ ಮತ್ತೊಂದು ಎಳೆ ತೆಗೆಯುತ್ತಿದ್ದ. ನಗಾರಿಯ ಹುಸೇನಿಸಾಬ ಇದಕ್ಕೆ ವಿರುದ್ಧ: ದಪ್ಪ, ಬಾಯಿಬಡಕ, ಎಲ್ಲರಿಗೂ ಅಡ್ಡಹೆಸರು ಇಡುವವನು. ನಾನು ಜಗಲಿಯ ಮೇಲೆ ಬಡಿಸುತ್ತ, ಲಗೂ ಉಣ್ಣಿರಿ ಎಂದು ಗದರುತ್ತಿದ್ದುದರಿಂದ ನನಗೆ ಕೊತ್ವಾಲಬಾಯಿ ಎಂದು ಹೆಸರಿಟ್ಟಿದ್ದ. ಯಮನಪ್ಪ ಒಂದೊಂದು ತುತ್ತನ್ನೂ ದವಡೆಯಲ್ಲಿ ಹೊರಳಿಸುತ್ತಿದ್ದರೆ ನನ್ನ ಹೊಟ್ಟೆಯೊಳಗೆ ಬೆಂಕಿ ಹೊರಳುತ್ತಿತ್ತು.

“ಯಮನಪ್ಪ, ರೊಟ್ಟಿ ಬಿರಸ ಆಗೇತೇನ?”

“ಇಲ್ಲವ್ವ, ಮೆತ್ತಗ ಐತಿ.”

“ಹಂಗಾರ ಯಾಕ ಅಷ್ಟೊತ್ತ ಅಗಿತೀ?”

“ಹಲ್ಲಿಗೆ ಕೆಲಸ ಬ್ಯಾಡೇನವ್ವ,” ಎಂದು ಅವನು ಇನ್ನೂ ನಿಧಾನವಾಗಿ ಅಗಿಯುತ್ತಿದ್ದ. ಹುಸೇನಿಸಾಬ ಪಕ್ಕಕ್ಕೆ ತಿರುಗಿ ನಗುತ್ತಿದ್ದ.

ಸನಾದಿ ನನಗೆ ಹಾಡಾಗಿ ಕೇಳಿರಲೇ ಇಲ್ಲ. ಅದು ಊಟಕ್ಕೆ ಅಡ್ಡ ಬಂದ ಒಂದು ಉದ್ದನೆಯ ಚೀರಾಟ. ತೊಟ್ಟಿಲಲ್ಲಿದ್ದ ನನ್ನ ತಮ್ಮ ಅದನ್ನು ಕೇಳಿ ನಗುತ್ತಿದ್ದುದೂ ನನಗೆ ಸಿಟ್ಟು ತರುತ್ತಿತ್ತು. ನುಡಿಸುವವರಿಬ್ಬರೂ ನಮ್ಮ ಹೊಸ್ತಿಲು ದಾಟಿದವರಲ್ಲ. ಅವರ ತಟ್ಟೆಗಳು ಜಗಲಿಯ ಗೂಡಿನಲ್ಲಿ ಬೇರೆ ಇರುತ್ತಿದ್ದವು. ಅದು ಹಾಗೆ ಇರಬೇಕೆಂದೇ ನಾವೆಲ್ಲ ತಿಳಿದಿದ್ದೆವು.

ಆ ಬೇಸಿಗೆಯಲ್ಲಿ ನರಗುಂದದ ಕಡೆ ದಂಗೆಯ ಗದ್ದಲ ಎದ್ದಿತು. ಅಪ್ಪ ಅರಳೆಯ ಬಂಡಿಗಳೊಡನೆ ಅಲ್ಲಿಗೇ ಹೋಗಿದ್ದ. ಸಂತೆಗೆ ಬಂದವರು ಒಬ್ಬೊಬ್ಬರು ಒಂದೊಂದು ಸುದ್ದಿ ಹೇಳುತ್ತಿದ್ದರು. ಅವ್ವ ಎಲ್ಲವನ್ನೂ ಕೇಳಿಸಿಕೊಂಡು ರೊಟ್ಟಿಯನ್ನು ದಿನದಿಂದ ದಿನಕ್ಕೆ ದಪ್ಪ ಬಡಿಯತೊಡಗಿದಳು. ಆಯಿ ಅದಕ್ಕೂ ಬೈದಳು. ಒಂದು ಬೆಳಿಗ್ಗೆ ನಗಾರಿ ಬಡಿಯಲಿಲ್ಲ. ಅಜ್ಜ ತಾನಾಗಿ ಎದ್ದ, ಆದರೆ ಕೆಮ್ಮಲಿಲ್ಲ. ಮಾಳಿಗೆಯತ್ತ ಕಿವಿ ಮಾಡಿ ಕೂತೇ ಇದ್ದ. ಹೊತ್ತೇರಿದ ಮೇಲೆ ತಿಳಿಯಿತು: ವಾಡೆಯಿಂದ ಹುಕುಂ ಬಂದಿದೆಯಂತೆ, ಊರಲ್ಲಿ ನಗಾರಿ, ಕಹಳೆ, ಸನಾದಿ ಏನೂ ಸದ್ದು ಮಾಡಕೂಡದಂತೆ; ದೂರದ ದಂಡಿನವರು ಅದನ್ನು ದಂಗೆಗೆ ಕೂಗು ಕೊಟ್ಟಂತೆ ತಿಳಿದಾರು ಎಂಬ ಭಯ. ನಗಾರಖಾನೆಗೆ ಬೀಗ ಬಿತ್ತು, ಅಗಸೆಯಲ್ಲಿ ಪಹರೆಯವರು ಕೂತರು.

ನನಗೆ ಹಬ್ಬವಾಯಿತು. ಇನ್ನು ಮಧ್ಯಾಹ್ನ ಕಾಯಬೇಕಾಗಿಲ್ಲ. ಅಜ್ಜ ಮಕ್ಕಳಿಗೆ ಬಡಿಸಿಬಿಡು ಎಂದ. ನಾನು ಹೊಟ್ಟೆ ತುಂಬ ಉಂಡೆ. ಅವ್ವ ಅಜ್ಜನ ಗಂಗಾಳ ಇಟ್ಟಳು. ಅಜ್ಜ ಅದರ ಮುಂದೆ ಕೂತು, ಜಗಲಿಯ ಕಡೆ ನೋಡಿದ. ಯಮನಪ್ಪ ಮತ್ತು ಹುಸೇನಿಸಾಬ ಬಂದಿರಲಿಲ್ಲ. ಕರೆಯಲು ಆಳನ್ನು ಕಳಿಸಿದರು. ಆಳು ತಿರುಗಿ ಬಂದು ಹೇಳಿದ ಮಾತು ಇಷ್ಟು: ಅವರು ಬರುವುದಿಲ್ಲ, ನುಡಿಸದ ದಿನದ ಊಟ ಅವರಿಗೆ ಬೇಡವಂತೆ. ಅಜ್ಜ ಗಂಗಾಳವನ್ನು ಮೆಲ್ಲಗೆ ಸರಿಸಿ ಎದ್ದ.

“ಅವರ ಪಾಲ ಉಳಿಸಿಕೊಂಡು ನಾ ಉಂಡ್ರ ಅದು ಕದ್ದ ಊಟ,” ಎಂದ. ಅಷ್ಟೇ. ಹೋಗಿ ಪಡಸಾಲೆಯ ಕಂಬಳಿಯ ಮೇಲೆ ಕೂತ.

ಒಂದು ಹೊತ್ತಿನ ಹಟ ಎಂದುಕೊಂಡೆವು. ಮರುದಿನವೂ ಅದೇ ಆಯಿತು. ಅವರು ನುಡಿಸಿಲ್ಲವೆಂದು ಉಣ್ಣಲೊಲ್ಲರು, ಅವರು ಉಂಡಿಲ್ಲವೆಂದು ಇವನು ಉಣ್ಣಲೊಲ್ಲ. ಮಜ್ಜಿಗೆ ಕೊಟ್ಟರೆ, ಮಜ್ಜಿಗೆಯೂ ಆ ಹೊಲದ ಜೋಳದ ಕಣಿಕೆ ತಿಂದ ಎಮ್ಮೆಯದೇ ಎಂದು ದೂರ ಇಟ್ಟ. ನೀರು ಮಾತ್ರ ಕುಡಿಯುತ್ತಿದ್ದ. ಜಂಗಮರು ಬಂದು ಹೇಳಿದರು, ಓಣಿಯ ಹಿರಿಯರು ಬಂದು ಹೇಳಿದರು, ಅವನು ಎಲ್ಲರಿಗೂ ಹೌದ್ರಿ, ಹೌದ್ರಿ ಎಂದು ಕೈಮುಗಿದು ಕಳಿಸಿದ. ಆಯಿ ಹಿತ್ತಲಲ್ಲಿ ನಿಂತು ನನ್ನ ಕೈಗೆ ಒಂದು ಕಟ್ಟಿಗೆ ಕೊಟ್ಟು, ಡಬ್ಬು ಹಾಕಿದ ತಾಮ್ರದ ಹಂಡೆಯನ್ನು ನಗಾರಿಯ ಹಾಗೆ ಬಡಿ ಎಂದಳು. ಮುದುಕನಿಗೆ ಕಿವಿ ಮಂದವಾಗಿದೆ, ನಂಬಿಯಾನು ಎಂಬ ಆಸೆ ಅವಳಿಗೆ. ನಾನು ನನಗೆ ನೆನಪಿದ್ದ ಹಾಗೆ ಬಡಿದೆ. ಒಳಗಿನಿಂದ ಅಜ್ಜನ ಧ್ವನಿ ಬಂತು, ಯಾವ ಏರಿಳಿತವೂ ಇಲ್ಲದೆ:

“ಯಾರದು ಹಂಡೆ ತಗ್ಗ ಮಾಡಾಕತ್ತವರು?”

ಆಯಿ ಕಟ್ಟಿಗೆಯನ್ನು ಒಲೆಗೆ ಹಾಕಿದಳು. ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡು ಅತ್ತಳು. ಆಯಿ ಅತ್ತದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಅಲ್ಲಿಯವರೆಗೆ ನನಗೆ ಇದೆಲ್ಲ ದೊಡ್ಡವರ ಹಟವಾಗಿ ಕಂಡಿತ್ತು. ಮರುದಿನ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಅಜ್ಜನ ಎಡಗೈ ನಡುಗುತ್ತಿತ್ತು. ಅಂಗೈಯ ಮೇಲಿನ ಲಿಂಗವನ್ನು ಬೀಳದ ಹಾಗೆ ಹಿಡಿಯಲು ಅವನು ಬಲಗೈಯನ್ನು ಕೆಳಗೆ ಆನಿಸಿಕೊಂಡ. ಹಲಗೆಯ ಮೇಲೆ ಉಸುಕು ಹರವಲಿಲ್ಲ. ಬರೆಯುವುದು ಇಲ್ಲವೇ ಎಂದು ಕೇಳಿದರೆ, ನಾಳೆ ಎಂದ. ನಮ್ಮ ಮನೆಯಲ್ಲಿ ನಾಳೆ ಎಂಬ ಮಾತನ್ನು ಅವನು ಯಾರಿಗೂ ಆಡಗೊಟ್ಟವನಲ್ಲ. ನನಗೆ ಆಗ ಹೆದರಿಕೆಯಾಯಿತು.

ಆ ಮಧ್ಯಾಹ್ನ ಅವ್ವ ರೊಟ್ಟಿ, ಪಲ್ಯ, ಶೇಂಗಾದ ಹಿಂಡಿಯನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ತಲೆಯ ಮೇಲಿಟ್ಟಳು. ಆಳಿನ ಮಾತಿಗೆ ಅವರು ಬಗ್ಗುವುದಿಲ್ಲ, ದಿನಾ ಬಡಿಸುವವಳು ನೀನು, ನೀನೇ ಹೋಗು ಎಂದಳು. ಬೈಯಬೇಡ ಎಂದೂ ಹೇಳಿದಳು. ಯಮನಪ್ಪನ ಮನೆ ಗುಡ್ಡದ ಬುಡದಲ್ಲಿ, ಊರಿನ ಕೊನೆಗೆ. ಬಿಸಿಲಿಗೆ ಕಾದ ಕಲ್ಲುಗಳ ಮೇಲೆ ಕುಣಿದುಕೊಂಡೇ ಹೋದೆ. ಅವನ ಗುಡಿಸಲಿನ ಮುಂದೆ ಬೇವಿನ ಮರ, ಅದರ ನೆರಳಲ್ಲಿ ಇಬ್ಬರೂ ಕೂತು ನುಚ್ಚಿನ ಅಂಬಲಿ ಕುಡಿಯುತ್ತಿದ್ದರು. ಅಂಬಲಿ ನೀರಾಗಿತ್ತು, ಗಡಿಗೆಯ ತಳ ಕಾಣುತ್ತಿತ್ತು. ಯಮನಪ್ಪನ ಗಲ್ಲ ಇನ್ನಷ್ಟು ಜೋತಿತ್ತು. ನಾನು ಗಂಟನ್ನು ಇಳಿಸಿ ಮುಂದೆ ಇಟ್ಟೆ.

“ಉಣ್ರಿ,” ಎಂದೆ. ಗದರಿಸಬಾರದೆಂದುಕೊಂಡಿದ್ದರೂ ಗದರಿಸಿದಂತೆಯೇ ಬಂತು.

ಯಮನಪ್ಪ ಗಂಟನ್ನು ಮುಟ್ಟಲಿಲ್ಲ. “ನುಡಿಸಲಾರದ ಊಟ ನಮಗ ಹ್ಯಾಂಗ ದಕ್ಕತೈತಿ ತಂಗಿ? ಇದು ನಿಮ್ಮಜ್ಜ ಕೊಡೂ ಊಟ ಅಲ್ಲ, ಆ ನಗಾರಿ ಕೊಡೂ ಊಟ.”

“ನೀವು ಉಣಲಿಲ್ಲಂದ್ರ ನಮ್ಮಜ್ಜ ಉಣೂದಿಲ್ಲ. ಅವನ ಕೈ ನಡಗಾಕತ್ತೈತಿ.”

ಇದು ಅವರಿಗೆ ಗೊತ್ತಿರಲಿಲ್ಲ. ಆಳು ಅದನ್ನು ಹೇಳಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಯಮನಪ್ಪ ತಲೆ ತಗ್ಗಿಸಿ ನೆಲ ಕೆದರತೊಡಗಿದ. ಅವರು ಹಿರಿಯರು, ನಮಗಾಗಿ ಉಪವಾಸ ಮಾಡಬಾರದು ಅಂತ ಹೇಳು ಎಂದ. ಆದರೂ ಗಂಟು ಬಿಚ್ಚಲಿಲ್ಲ.

“ಹಂಗಾರ ನುಡಸ್ರಿ,” ಎಂದೆ.

ಹುಸೇನಿಸಾಬನಿಗೆ ತಡೆಯಲಾಗಲಿಲ್ಲ. “ಎಲ್ಲಿ ನುಡಸೂನ ಕೊತ್ವಾಲಬಾಯಿ? ಅಗಸ್ಯಾಗ ಪಹರೆ ಕುಂತೈತಿ. ನಿಮ್ಮ ಹಗೇವಿನಾಗ ಇಳದು ನುಡಸೂನೇನ? ಮ್ಯಾಲ ಕಲ್ಲ ಮುಚ್ಚಿಬಿಡ್ರಿ. ನನಗ ಬ್ಯಾರೆ ಗೋರಿ ತೋಡೂದು ತಪ್ಪತೈತಿ.”

ಅವನು ಕಹಿಯಾಗಿ ಆಡಿದ ಮಾತದು. ನಾನು ಗೇಲಿಯನ್ನು ಗೇಲಿ ಎಂದು ತಿಳಿಯುವ ಮನೆಯಲ್ಲಿ ಬೆಳೆದವಳಲ್ಲ. ನಮ್ಮಲ್ಲಿ ಯಾರಾದರೂ ಒಂದು ಮಾತು ಆಡಿದರೆ ಅದು ಆಗಬೇಕಾದ ಕೆಲಸವೇ. ಗಂಟನ್ನು ಅಲ್ಲೇ ಬಿಟ್ಟು ಓಡಿ ಬಂದು, ಉಸಿರು ಕಟ್ಟಿಕೊಂಡು, ಹುಸೇನಿಸಾಬ ನಮ್ಮ ಹಗೇವಿನಲ್ಲಿ ಇಳಿದು ನುಡಿಸುತ್ತೇನೆ ಎಂದಿದ್ದಾನೆ ಎಂದು ಅಜ್ಜನಿಗೆ ಹೇಳಿದೆ. ಆಯಿ ಹಣೆ ಬಡಿದುಕೊಂಡಳು. ಅಜ್ಜ ಕಣ್ಣು ತೆರೆದ. ಅವನೂ ಗೇಲಿ ತಿಳಿಯುವವನಲ್ಲ. ನಾನು ಕಲಿತದ್ದು ಅವನಿಂದಲೇ.

“ಹಗೇವು ಗಾಳಿಗೆ ಬಿಟ್ಟೀರೇನ?” ಎಂದ.

ಬಿಟ್ಟಿದ್ದೆವು. ಹಗೇವು ಎಂದರೆ ಹಿತ್ತಲಲ್ಲಿ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೊಟ್ಟೆ ಗುಡಾಣದಂತೆ ದೊಡ್ಡದು. ಮಳೆಗಾಲಕ್ಕೆ ಮುಂಚೆ ಹಳೆಯ ಜೋಳ ತೆಗೆದು ಖಾಲಿ ಮಾಡಿ, ಬಾಯಿ ತೆರೆದಿಟ್ಟಿದ್ದರು. ಮುಚ್ಚಿದ ಹಗೇವಿನ ಗಾಳಿ ಕೆಟ್ಟದ್ದು, ಇಳಿದವರು ಅಲ್ಲೇ ಉಳಿದುಬಿಟ್ಟ ಕಥೆಗಳು ನಮ್ಮ ಕಡೆ ಮನೆಮನೆಗೂ ಉಂಟು. ಅದಕ್ಕೇ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುತ್ತಾರೆ: ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ಅಜ್ಜ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದು, ತಾನೇ ದೀಪ ಇಳಿಸಿ ನೋಡಿದ. ಉರಿಯಿತು. ಹಗೇವು ತಯಾರಿದೆ, ನಿಮ್ಮ ಮಾತಿನಂತೆ ಬನ್ನಿರಿ ಎಂದು ಹೇಳಿ ಕಳಿಸಿದ. ತಾನು ಆಡಿದ ಮಾತು ಹೀಗೆ ಗೌರವದಿಂದ ತಿರುಗಿ ಬಂದದ್ದನ್ನು ಕೇಳಿ ಹುಸೇನಿಸಾಬ ಮುಖ ಏನು ಮಾಡಿಕೊಂಡನೋ ನಾನು ನೋಡಲಿಲ್ಲ. ಬಂದ ಎಂಬುದು ನಿಜ.

ಯಮನಪ್ಪ ಸನಾದಿಯನ್ನು ಕಂಬಳಿಯಲ್ಲಿ ಸುತ್ತಿ, ಹುಲ್ಲಿನ ಹೊರೆಯೊಳಗೆ ಹುದುಗಿಸಿ ತಂದಿದ್ದ. ಹಿತ್ತಲಿನ ಬಾಗಿಲು ಪಹರೆಯವರ ಕಣ್ಣಿಗೆ ಬೀಳುತ್ತಿತ್ತು. ದಿನಾ ಉಣ್ಣಲು ಬರುವವರು ಮುಂದಿನ ಜಗಲಿಗೆ ಬಂದರೆ ಯಾರಿಗೂ ಸಂಶಯವಿಲ್ಲ, ಅಲ್ಲಿಂದ ಮನೆಯೊಳಗಿಂದಲೇ ಹಾದು ಹೋಗಬೇಕು. ಇಬ್ಬರೂ ಹೊಸ್ತಿಲ ಹೊರಗೆ ನಿಂತರು. ಒಳಗೆ ನಾವು ನಿಂತೆವು. ಅಜ್ಜ ಆಯಿಯ ಕಡೆ ನೋಡಿದ. ಆ ಮನೆಯಲ್ಲಿ ಅವನು ಆಯಿಯ ಅಪ್ಪಣೆಗೆ ಕಾದದ್ದು ಅದೊಂದೇ ಸಲ ಇರಬೇಕು. ಆಯಿ ಅವನ ನಡುಗುವ ಕೈ ನೋಡಿದಳು, ಹೊರಗಿನವರ ಒಣಗಿದ ಮುಖ ನೋಡಿದಳು.

“ಬರ್ರಿ ಒಳಗ,” ಎಂದಳು. “ರೊಟ್ಟಿ ಆರಾಕತ್ತಾವ.”

ಏಣಿ ಇಟ್ಟರು. ದೀಪ ಹಿಡಿದು ಒಳಗೆ ಕೂರಲು ಒಬ್ಬರು ಬೇಕಿತ್ತು. ಸದ್ದು ಹೊರಗೆ ಬಾರದಂತೆ ಹಗೇವಿನ ಬಾಯಿಗೆ ಹೊಲಿದ ದಪ್ಪ ಕೌದಿ ಮುಚ್ಚುವುದರಿಂದ ಒಳಗಿನ ಗಾಳಿ ಕಡಿಮೆಯಾಗುತ್ತದೆ, ದೀಪದ ಮೇಲೆ ಕಣ್ಣಿಟ್ಟವರು ಬೇಕು. ನುಡಿಸುವವರಿಗೆ ಆ ಎಚ್ಚರ ಇರುವುದಿಲ್ಲ ಎಂದ ಅಜ್ಜ. ಅವ್ವ ಬೇಡ ಎನ್ನುವುದರೊಳಗೆ ನಾನು ಏಣಿಯ ಮೇಲಿದ್ದೆ. ಪ್ರತಿ ವರ್ಷ ಹಗೇವಿನ ಮೂಲೆಯ ಜೋಳ ಬಳಿಯಲು ಇಳಿಯುವವಳು ನಾನೇ.

“ದೀಪ ಸಣ್ಣದಾತಂದ್ರ ಹೇಳಬೇಕು. ಆರೂತನಕ ಕಾಯಬಾರದು,” ಎಂದ ಅಜ್ಜ ಮೇಲಿನಿಂದ.

ಒಳಗೆ ತಂಪು. ಗೋಡೆಗೆ ಹಚ್ಚಿದ ಒಣಹುಲ್ಲಿನ ವಾಸನೆ, ಹಳೆಯ ಜೋಳದ ಹುಳಿ ವಾಸನೆ. ಯಮನಪ್ಪ ಒಂದು ಕಡೆ, ಹುಸೇನಿಸಾಬ ಒಂದು ಕಡೆ, ನಡುವೆ ನಾನು ಮತ್ತು ದೀಪ. ಹುಸೇನಿಸಾಬ ಜೋಳ ಅಳೆಯುವ ಕೊಳಗವನ್ನು ಡಬ್ಬು ಹಾಕಿ ಮೊಣಕಾಲಿನ ನಡುವೆ ಇಟ್ಟುಕೊಂಡ. ಕೌದಿ ಬಿತ್ತು. ಯಮನಪ್ಪ ಎಂದಿನಂತೆ ಸನಾದಿಯ ನಾಲಿಗೆ ನೆನೆಸಿದ, ತೆಗೆದ, ನೋಡಿದ, ಮತ್ತೆ ಬಾಯಿಗಿಟ್ಟ. ಊದಿದ.

ಅದು ನಾನು ದಿನಾ ಕೇಳುತ್ತಿದ್ದ ಸದ್ದಾಗಿರಲಿಲ್ಲ. ಮಾಳಿಗೆಯ ಮೇಲಿನಿಂದ ಬೀಳುತ್ತಿದ್ದುದು ಇಲ್ಲಿ ಪಕ್ಕದಲ್ಲಿ ಕೂತಿತ್ತು. ಅವನು ಮೆತ್ತಗೆ ಊದುತ್ತಿದ್ದ, ಊರಿಗೆ ಕೇಳಿಸಬೇಕಾದ ಕೆಲಸವಿಲ್ಲದಿದ್ದುದರಿಂದ. ಒಂದು ಸ್ವರವನ್ನು ಹಿಡಿದು, ಬಿಡದೆ, ಅದರ ಅಂಚಿನ ಮೇಲೆ ನಡೆದು ಮುಂದಿನದಕ್ಕೆ ಹೋಗುತ್ತಿದ್ದ. ಹಗೇವಿನ ಗೋಡೆ ಅದನ್ನು ತಿರುಗಿಸಿ ನನ್ನ ಬೆನ್ನಿಗೆ ಮುಟ್ಟಿಸುತ್ತಿತ್ತು. ಹುಸೇನಿಸಾಬನ ದಪ್ಪ ಬೆರಳುಗಳು ಕೊಳಗದ ಮೇಲೆ ಎಷ್ಟು ಹಗುರಾಗಿ ಬೀಳುತ್ತಿದ್ದವೆಂದರೆ, ಸದ್ದು ಬರುವುದಕ್ಕಿಂತ ಮೊದಲೇ ಬೆರಳು ಎದ್ದಿರುತ್ತಿತ್ತು. ಅವನ ಬಾಯಲ್ಲಿ ಒಂದು ಗೇಲಿಯೂ ಇರಲಿಲ್ಲ. ಯಮನಪ್ಪನ ಚೀಲದಂಥ ಗಲ್ಲಗಳು ದುಂಡಗೆ ತುಂಬಿದ್ದವು, ಹರೆಯದವನಂತೆ ಕಾಣುತ್ತಿದ್ದ. ಅವನು ಯಾಕೆ ಬೇಗ ಮುಗಿಸುತ್ತಿರಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ಒಂದು ಎಳೆಯನ್ನು ಅರ್ಧಕ್ಕೆ ಬಿಟ್ಟು ಊಟಕ್ಕೆ ಇಳಿದು ಬರುವುದು ಅವನಿಗೆ ಸಾಧ್ಯವಿರಲಿಲ್ಲ. ನಾನು ಮಡಿಚದ ಹಾಸಿಗೆಯನ್ನು ಬಿಟ್ಟು ಹೋಗಲಾರೆನಲ್ಲ, ಹಾಗೆ. ಅವನೂ ಶಿಸ್ತಿನ ಮನುಷ್ಯನೇ, ಅವನ ಶಿಸ್ತು ಬೇರೆ ಕಡೆ ಇತ್ತು.

ದೀಪ ಸಣ್ಣದಾಯಿತು. ಮೊದಲು ಕುಡಿ ಕುಗ್ಗಿತು, ಆಮೇಲೆ ನೀಲಿಯಾಯಿತು. ಯಮನಪ್ಪ ಆಗಷ್ಟೇ ಮೇಲಿನ ಸ್ವರಕ್ಕೆ ಹತ್ತಿದ್ದ. ಅಲ್ಲಿಂದ ಅವನು ಹೇಗೆ ಇಳಿಯುತ್ತಾನೆ ಎಂದು ಕೇಳಬೇಕಾಗಿತ್ತು ನನಗೆ. ಎಷ್ಟೋ ವರ್ಷ ಈ ಸದ್ದು ನಿಲ್ಲಲಿ ಎಂದು ಬೇಡಿಕೊಂಡವಳು ನಾನು, ಈಗ ನಿಲ್ಲಿಸುವ ಮಾತು ನನ್ನ ಬಾಯಲ್ಲೇ ಇತ್ತು. ಹೇಳಿದೆ. ಆರುವತನಕ ಕಾಯಬಾರದು ಎಂದು ಅಜ್ಜ ಹೇಳಿದ್ದ.

“ದೀಪ ಸಣ್ಣಾತ್ರಿ.”

ಹುಸೇನಿಸಾಬನ ಕೈ ಅಲ್ಲೇ ನಿಂತಿತು. ಯಮನಪ್ಪ ಸನಾದಿ ಇಳಿಸಿ, ನನ್ನನ್ನು ನೋಡಿ, ಮೊದಲು ನನ್ನನ್ನೇ ಏಣಿಗೆ ಎತ್ತಿದ. ಮೇಲೆ ಬಂದು ನೋಡಿದರೆ ಅಜ್ಜ ಹಗೇವಿನ ಬಾಯಿಯ ಪಕ್ಕ ನೆಲಕ್ಕೆ ಕಿವಿ ಹಚ್ಚಿ ಮಲಗಿದ್ದ. ಅವನ ಬೆನ್ನ ಹಿಂದೆ ಅವ್ವ, ತಮ್ಮನನ್ನು ಎದೆಗೆ ಅವುಚಿಕೊಂಡು, ಅವಳೂ ಹಾಗೆಯೇ. ಆಯಿ ಮಾತ್ರ ಕೂತಿದ್ದಳು, ಅಂಗೈಯನ್ನು ನೆಲದ ಮೇಲೆ ಊರಿಕೊಂಡು. ನಡುಗುತ್ತಿತ್ತು, ನೆಲ ನಡುಗುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಹೇಳಿದಳು.

ಅಜ್ಜ ಎದ್ದು ಗಲ್ಲದ ಮಣ್ಣು ಒರೆಸಿಕೊಂಡ. “ಆತು. ನೌಬತ್ತ ಆತು,” ಎಂದ.

ಹುಕುಂ ಹಿಂದೆ ಹೋಗುವವರೆಗೂ ದಿನಾ ಮಧ್ಯಾಹ್ನ ಹಾಗೆಯೇ ನಡೆಯಿತು. ದೀಪದ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ಹಿಂದಿನ ದಿನ ಯಮನಪ್ಪ ಎಲ್ಲಿಗೆ ನಿಲ್ಲಿಸಿದ್ದ, ಇಂದು ಯಾವ ದಾರಿಯಿಂದ ಬಂದ ಎಂಬುದು ಬರಬರುತ್ತ ಗೊತ್ತಾಗತೊಡಗಿತು. ಒಂದು ದಿನ ಅವನು ಹೊಸ ದಾರಿ ಹಿಡಿದಾಗ ನಾನು ತಲೆ ಎತ್ತಿದ್ದನ್ನು ಕಂಡು ಹುಸೇನಿಸಾಬ ಕಣ್ಣು ಮಿಟುಕಿಸಿದ. ಮೊದಲ ದಿನ ಅವರು ಹೋದ ಮೇಲೆ ಆಯಿ ಪಡಸಾಲೆಯನ್ನೆಲ್ಲ ಸಗಣಿಯಿಂದ ಸಾರಿಸಿದಳು, ಮರುದಿನವೂ ಸಾರಿಸಿದಳು. ಅದರ ಮರುದಿನ, ಈ ಬಿಸಿಲಿಗೆ ಸಗಣಿ ಒಣಗಿ ಹಕ್ಕಳೆ ಏಳುತ್ತದೆ ಎಂದು ನೆವ ಹೇಳಿ ಬಿಟ್ಟಳು. ತಟ್ಟೆಗಳು ಮಾತ್ರ ಜಗಲಿಯ ಗೂಡಿನಲ್ಲೇ ಉಳಿದವು. ಅಷ್ಟು ದೂರ ನಾವು ಬರಲಿಲ್ಲ, ಸುಳ್ಳು ಬರೆಯಬಾರದು. ಅಪ್ಪ ಒಂದು ಮಧ್ಯಾಹ್ನ ರೋಣದ ದಾರಿಯಿಂದ ನಡೆದುಕೊಂಡು ಬಂದ, ಬಂಡಿ ಇಲ್ಲದೆ, ಮೈತುಂಬ ಧೂಳು. ಮನೆಯಲ್ಲಿ ಯಾರೂ ಇಲ್ಲ, ಹಿತ್ತಲಿನ ನೆಲದೊಳಗಿಂದ ಸನಾದಿ ಕೇಳುತ್ತಿದೆ. ಬಿಸಿಲು ತನ್ನ ತಲೆಗೆ ಹತ್ತಿತು ಎಂದು ಅವನು ಅಂಗಳದಲ್ಲೇ ಕೂತುಬಿಟ್ಟ. ಅವ್ವ ಅವನನ್ನು ಕಂಡವಳು ಕೂಗಲಿಲ್ಲ, ಸನಾದಿ ನುಡಿಯುವಾಗ ಕೂಗುವಂತಿರಲಿಲ್ಲ. ಓಡಿ ಬಂದು ಅವನ ಕಾಲ ಮೇಲೆ ನೀರು ಸುರಿಯತೊಡಗಿದಳು, ಕೊಡ ಖಾಲಿಯಾದ ಮೇಲೂ ಬಗ್ಗಿಸಿಕೊಂಡೇ ಇದ್ದಳು.

ಆದರೆ ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿರುವುದು ಆ ಮೊದಲ ದಿನದ ಊಟ. ಇಬ್ಬರೂ ಜಗಲಿಯ ಮೇಲೆ ಕೂತರು. ಅಜ್ಜ ಒಳಗೆ ಗಂಗಾಳದ ಮುಂದೆ, ಬಾಗಿಲು ತೆರೆದಿಟ್ಟುಕೊಂಡು, ಅವರು ಕಾಣುವಂತೆ ಕೂತ. ನಾನು ಬಡಿಸಿದೆ. ಯಮನಪ್ಪ ಮೊದಲ ತುತ್ತು ಮುರಿದು ಬಾಯಿಗಿಟ್ಟು ಅಗಿಯತೊಡಗಿದ. ನನಗೆ ಗದರಲು ಮನಸ್ಸಾಗಲಿಲ್ಲ. ನಿಧಾನವಾಗಿ ಉಂಡ, ನೀರು ಕುಡಿದ, ಕೈ ತೊಳೆದ. ಅದನ್ನು ನೋಡಿ ಅಜ್ಜ ಒಳಗೆ ರೊಟ್ಟಿಗೆ ಕೈ ಹಾಕಿದ. ಮೊದಲ ತುತ್ತು ಅವನ ಕೈಯಿಂದ ಜಾರಿತು, ಆಯಿ ಎತ್ತಿ ಮತ್ತೆ ಕೈಗೆ ಕೊಟ್ಟಳು.

ನಾನು ನೀರಿನ ತಂಬಿಗೆ ಹಿಡಿದುಕೊಂಡು ಯಮನಪ್ಪನ ಮುಂದೆ ನಿಂತೇ ಇದ್ದೆ.

“ಏನ ಬೇಕಿತ್ತವ್ವ?” ಎಂದ.

“ಅದು ಮ್ಯಾಲ ಹೋಗಿತ್ತಲ್ಲ,” ಎಂದೆ. “ಅಲ್ಲಿಂದ ಕೆಳಗ ಹ್ಯಾಂಗ ಬರತೈತಿ?”

ಅಗಸೆಯ ನೆರಳಲ್ಲಿ ಪಹರೆಯವರು ತೂಕಡಿಸುತ್ತಿದ್ದರು. ಸನಾದಿ ಕಂಬಳಿಯೊಳಗೆ ಸುತ್ತಿಕೊಂಡಿತ್ತು. ಯಮನಪ್ಪ ನನ್ನನ್ನು ಹತ್ತಿರ ಕೂರಿಸಿಕೊಂಡು, ತುಟಿ ಬಿಚ್ಚದೆ, ಮೂಗಿನಲ್ಲಿ, ಪಹರೆಯವರಿಗೆ ಕೇಳದಷ್ಟು ಸಣ್ಣಗೆ ಆ ಮೇಲಿನ ಸ್ವರವನ್ನು ಹಿಡಿದ. ಅಲ್ಲಿ ಸ್ವಲ್ಪ ಹೊತ್ತು ಇದ್ದು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದ. ಒಳಗೆ ಅಜ್ಜ ಅಗಿಯುವುದನ್ನು ನಿಲ್ಲಿಸಿದ್ದು ನನಗೆ ಕಾಣಿಸಿತು. ಯಮನಪ್ಪ ಕೆಳಗೆ ಬಂದು ಮುಟ್ಟಿದ ಮೇಲೆ, ಅಜ್ಜ ಮತ್ತೆ ಒಂದು ತುತ್ತು ಮುರಿದ.